ಹೊಟ್ಟೆಯಿಲ್ಲದ ಕೌದಿ

ಕೌದಿಗೊಂದು ಹೊಟ್ಟೆ ಇರುತ್ತದೆ ಎಂಬುದು ಅವರಿಗೆ ಗೊತ್ತಿರಲಿಲ್ಲ. ತಾಲೂಕಿನ ಯಾವ ಹೊಲದ ಬದು ಎಲ್ಲಿ ತಿರುಗುತ್ತದೆ ಎಂದು ಕೇಳಿದರೆ ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದ ಮನುಷ್ಯನಿಗೆ ಇದೊಂದು ಗೊತ್ತಿರಲಿಲ್ಲ. ಗೊತ್ತಿಲ್ಲದೆ ಮಗಳಿಗೆಂದು ಒಂದು ಕೌದಿ ಹೊಲಿದರು. ಅದು ತಿಕೋಟಾದ ಬೀಗರ ಮನೆಗೆ ಹೋಗಿ, ಮಳೆಗಾಲ ಮುಗಿಯುವುದರೊಳಗೆ ತಿರುಗಿ ಬಂತು.

ಹೋದ ತಿಂಗಳು ಆ ಮಗಳು ನನ್ನನ್ನು ತಿಕೋಟಾಕ್ಕೆ ಕರೆಸಿಕೊಂಡಿದ್ದಳು. ಅಲ್ಲಿಂದ ಬಂದಾಗಿನಿಂದ ಅವಳ ತಂದೆ ಕಣ್ಣ ಮುಂದಿನಿಂದ ಸರಿಯುತ್ತಿಲ್ಲ. ಬರೆದರಾದರೂ ಸರಿದಾರೇನೋ ಎಂದು ಕೂತಿದ್ದೇನೆ.

ಹೆಸರು ಬರೆಯುವುದಿಲ್ಲ. ನಮ್ಮ ಜೋರಾಪುರ ಪೇಟೆಯ ಓಣಿಯಲ್ಲಿ ಯಾರೂ ಅವರನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಲ್ಲ. ಸರಕಾರಿ ಕಚೇರಿಯಲ್ಲಿ ಕಾರಕೂನರಾಗಿದ್ದರು. ಹಿರಿಯರಿಗೆ ಅವರು ಕಾರಕೂನರು, ನನ್ನಂಥ ಕಿರಿಯರಿಗೆ ಕಾಕಾ. ಮಹಾಯುದ್ಧ ನಡೆದಿದ್ದ ಆ ವರ್ಷಗಳಲ್ಲಿ ನಾನು ಬಬಲೇಶ್ವರದಿಂದ ಸೊಸೆಯಾಗಿ ಬಂದು ಅವರ ಪಕ್ಕದ ಮನೆ ಸೇರಿದೆ. ಎರಡೂ ಹಿತ್ತಿಲುಗಳ ನಡುವೆ ಎದೆಮಟ್ಟದ ಒಂದು ಗೋಡೆ. ಕೆಂಡ, ಹೆಪ್ಪು, ಓಣಿಯ ಸುದ್ದಿ ಎಲ್ಲವೂ ಆ ಗೋಡೆಯ ಮೇಲಿಂದಲೇ ಓಡಾಡುತ್ತಿದ್ದವು. ಸುದ್ದಿಯ ವಹಿವಾಟು ಪೂರ್ತಿ ನನ್ನ ಅತ್ತೆಯದು.

ಕಾಕಾರ ಕೈಬರಹ ಊರಿಗೆಲ್ಲ ಹೆಸರಾಗಿತ್ತು. ಗೆರೆ ಹಾಕದ ಕಾಗದದ ಮೇಲೂ ಅವರ ಸಾಲು ಒಂದು ಎಳೆ ಮೇಲೆ ಹೋಗುತ್ತಿರಲಿಲ್ಲ, ಕೆಳಗೆ ಇಳಿಯುತ್ತಿರಲಿಲ್ಲ. ಅದಕ್ಕಿಂತ ದೊಡ್ಡ ಮಾತೆಂದರೆ, ಬರೆದದ್ದನ್ನು ಅವರು ಎಂದೂ ಹೊಡೆದು ಹಾಕಿದವರಲ್ಲ. ಟಾಕನ್ನು ದೌತಿಯಲ್ಲಿ ಅದ್ದಿ, ಕಾಗದದ ಮೇಲೆ ಗಾಳಿಯಲ್ಲಿ ಹಿಡಿದುಕೊಂಡು ಕೂತುಬಿಡುತ್ತಿದ್ದರು. ಮಾತು ಮನಸ್ಸಿನಲ್ಲಿ ಪೂರ್ತಿ ಆದ ಮೇಲೆಯೇ ಮೊನೆ ಕೆಳಗಿಳಿಯುವುದು. ಬರೆಸಿಕೊಳ್ಳಲು ಬಂದವರು ಅಷ್ಟರಲ್ಲಿ ಚಡಪಡಿಸಿ ಎರಡು ಸಲ ಎಲೆ ಅಡಿಕೆ ಹಾಕಿಕೊಂಡಿರುತ್ತಿದ್ದರು.

“ಮದಲ ವಿಚಾರ ಮಾಡಿದ್ರ ಆಮ್ಯಾಲ ಹೊಡದ ಹಾಕೂದು ಯಾಕ ಬರತೈತಿ?” ಎನ್ನುತ್ತಿದ್ದರು.

ಮಾತೂ ಹಾಗೆಯೇ. ಕಾಕಾ ಊಟ ಆಯ್ತೇನ್ರಿ ಎಂದು ಕೇಳಿದರೂ ಒಂದು ಕ್ಷಣ ನಿಂತು, ಆಗಿದೆಯೋ ಇಲ್ಲವೋ ಎಂದು ಒಳಗೇ ವಿಚಾರಣೆ ನಡೆಸಿ, ಆಮೇಲೆ “ಆಗೇದವಾ” ಎನ್ನುತ್ತಿದ್ದರು. ಧೋತರ ಒಣಹಾಕಿದರೆ ಅಂಚಿಗೆ ಅಂಚು ಕೂಡಬೇಕು. ತಲೆಗೆ ರುಮಾಲು ಸುತ್ತಿದರೆ ಸುತ್ತಿನ ಮೇಲೆ ಸುತ್ತು ಎಣಿಸಿಟ್ಟಂತೆ ಇರಬೇಕು. ಇಂಥವರ ಜೊತೆ ಸಂಸಾರ ಮಾಡುವುದು ಹೇಗಪ್ಪಾ ಎಂದು ನನಗೆ ಅನ್ನಿಸುತ್ತಿತ್ತು. ಮಾಡಿದವರು ಅವರ ಹೆಂಡತಿ, ನಮ್ಮ ಕಾಕು. ಆಕೆ ಅಷ್ಟೇ ಗಲಗಲ ಮನುಷ್ಯಳು. ನಾನು ಬಂದ ವರ್ಷದ ಸಂಕ್ರಾಂತಿಗೆ ಕರಿಯ ಚಂದ್ರಕಾಳಿ ಸೀರೆ ಉಟ್ಟು ಗೋಡೆಯ ಮೇಲಿಂದ ಕೈಚಾಚಿ ನನಗೆ ಕುಸುರೆಳ್ಳು ಕೊಟ್ಟಿದ್ದರು. “ನಮ್ಮವರು ಮಾತ ಜಿಪುಣ, ನಾ ಇಬ್ಬರದೂ ಕೂಡಿಸಿ ಮಾತಾಡ್ತೇನಿ” ಎಂದು ನಕ್ಕಿದ್ದರು. ಬೇಸಿಗೆಯಲ್ಲಿ ಜ್ವರ ಬಂತು, ವಾರ ತುಂಬುವುದರೊಳಗೆ ಹೋಗಿಬಿಟ್ಟರು. ಮನೆಯಲ್ಲಿ ಕಾಕಾ ಮತ್ತು ಒಬ್ಬಳೇ ಮಗಳು ಉಳಿದರು. ನನಗಿಂತ ಸ್ವಲ್ಪ ಸಣ್ಣವಳು. ನನ್ನನ್ನು ವೈನಿ ಎನ್ನುತ್ತಿದ್ದಳು.

ಮುಂದಿನ ವರ್ಷ ಅವಳಿಗೆ ತಿಕೋಟಾದ ಒಂದು ಒಕ್ಕಲುತನದ ಮನೆಯಲ್ಲಿ ಸಂಬಂಧ ಕೂಡಿತು. ಒಳ್ಳೆಯ ಜನ, ಎರೆಹೊಲ, ಮನೆ ತುಂಬ ಮಂದಿ. ನಮ್ಮ ಕಡೆ ಮಗಳ ಜೊತೆ ತವರಿನ ಕೌದಿ ಹೋಗಬೇಕು. ಭಾಂಡೆ ಪಾತ್ರೆ ಕಡಿಮೆಯಾದರೆ ಬೀಗರು ನಾಲ್ಕು ದಿನ ಆಡಿಕೊಂಡು ಬಿಡುತ್ತಾರೆ. ಕೌದಿ ಹೋಗದಿದ್ದರೆ ಆ ಹುಡುಗಿಗೆ ಹೇಳುವವರು ಕೇಳುವವರು ಯಾರೂ ಇಲ್ಲ ಎಂದು ಅರ್ಥ. ಅದನ್ನು ತಾಯಿ ಹೊಲಿಯಬೇಕು, ಮನೆಯ ಹಳೆಯ ಅರಿವೆಗಳಿಂದಲೇ ಹೊಲಿಯಬೇಕು.

ಅತ್ತೆ ಗೋಡೆಯ ಹತ್ತಿರ ನಿಂತು ತಾನೇ ಹೊಲಿದುಕೊಡುತ್ತೇನೆ ಎಂದಳು. ಕಾಕಾ ಎಂದಿನಂತೆ ತಡೆದು ಉತ್ತರ ಕೊಟ್ಟರು.

“ಬ್ಯಾಡ್ರಿ ಅಕ್ಕಾರ. ನೀವು ಹೊಲದ್ರ ಅದು ನಿಮ್ಮ ಮನಿ ಕೌದಿ ಆಗತೈತಿ. ನನಗ ಕಲಸ್ರಿ.”

ಅತ್ತೆ ನಗಲು ಬಾಯಿ ತೆರೆದವಳು ಅವರ ಮುಖ ನೋಡಿ ಮುಚ್ಚಿಕೊಂಡಳು. ನನ್ನ ಅತ್ತೆ ನಗೆಯನ್ನು ನುಂಗಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಆಗ ಬಟ್ಟೆಗೆ ಕಂಟ್ರೋಲ್ ಬಂದಿತ್ತು. ಹೊಸ ಅರಿವೆ ಕಾರ್ಡಿನ ಮೇಲೆ, ಅದೂ ಸಿಕ್ಕಾಗ ಸಿಕ್ಕಷ್ಟು. ಸಿದ್ಧೇಶ್ವರ ಗುಡಿಯ ಹತ್ತಿರದ ಸಿಂಪಿಗರು ಮೊದಲು ಕಸದ ಜೊತೆ ಗುಡಿಸಿ ಹಾಕುತ್ತಿದ್ದ ಚಿಂದಿಯನ್ನು ಈಗ ಗಂಟು ಕಟ್ಟಿ ಇಟ್ಟುಕೊಂಡು ಕೂಸುಗಳ ಟೊಪ್ಪಿಗೆ ಹೊಲಿಯುತ್ತಿದ್ದರು. ಹೀಗಾಗಿ ಕಾಕಾ ತಮ್ಮ ಮನೆಯ ಪೆಟ್ಟಿಗೆಯನ್ನೇ ತೆರೆದರು. ಕಾಕುವಿನ ಸೀರೆಗಳು, ಮಗಳು ಕೂಸಾಗಿದ್ದಾಗಿನ ಕುಂಚಿಗೆ, ಅವಳು ಸಾಲೆಗೆ ಉಡುತ್ತಿದ್ದ ಪರಕಾರ, ಯಾವುದೋ ಹಬ್ಬದ ಕುಪ್ಪಸದಲ್ಲಿ ಉಳಿದ ಖಣದ ತುಣುಕು. ಆಯಿತವಾರ ಪೂರ್ತಿ, ಉಳಿದ ದಿನ ಕಚೇರಿಗೆ ಹೋಗುವ ಮೊದಲು, ಮುಂದಿನ ಪಡಸಾಲೆಯಲ್ಲಿ ಬೀದಿಗೆ ಕಾಣುವಂತೆಯೇ ಕೂತು ಹೊಲಿದರು. ಒಳಗೆ ಕೂತು ಹೊಲಿಯಬಹುದಿತ್ತು. ಬೆಳಕು ಇರುವುದು ಪಡಸಾಲೆಯಲ್ಲಿ, ಅದಕ್ಕೇ ಪಡಸಾಲೆ. ಅವರಿಗೆ ಅದರಲ್ಲಿ ಮತ್ತೇನೂ ಕಾಣಲಿಲ್ಲ.

ಹೋಗಿ ಬರುವವರಿಗೆ ಕಂಡಿತು. ಒಬ್ಬ ವ್ಯಾಪಾರಿ ಕಟ್ಟೆಗೆ ಕಾಲು ಕೊಟ್ಟು ಕೇಳಿದ: “ಏನ್ರಿ ಕಾರಕೂನರ, ಸರಕಾರ ಪಗಾರ ಕೊಡೂದು ಬಿಟ್ಟೈತೇನು?”

ಸೂಜಿ ಗಾಳಿಯಲ್ಲಿ ನಿಂತಿತು. “ಪಗಾರ ಕೊಡತೈತಿ. ಅರಿವಿ ಕೊಡೂದು ಬಿಟ್ಟೈತಿ.” ಸೂಜಿ ಕೆಳಗಿಳಿಯಿತು. ವ್ಯಾಪಾರಿ ಕಟ್ಟೆಯಿಂದ ಕಾಲು ತೆಗೆದು ನಡೆದ.

ಈಗ ಹೊಲಿಯುವ ರೀತಿ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಮ್ಮಲ್ಲಿ ಕೌದಿಯ ಹೊಲಿಗೆ ಅಂಚಿನಿಂದ ಶುರುವಾಗುತ್ತದೆ. ನಾಲ್ಕೂ ಕಡೆ ಸುತ್ತಿ ಸುತ್ತಿ ಒಳಗೆ ಒಳಗೆ ಬಂದು, ಕೊನೆಗೆ ನಡುವೆ ಅಂಗೈಯಗಲ ಜಾಗ ಉಳಿಯುತ್ತದೆ. ಅದೇ ಕೌದಿಯ ಹೊಟ್ಟೆ. ಅಲ್ಲಿ ಒಂದು ಚಿವುಟು ಹೋಳಿಗೆ, ನಾಲ್ಕು ಕಾಳು ಜೋಳ ಇಟ್ಟು, ಮೇಲೊಂದು ತುಣುಕು ಮುಚ್ಚಿ, ನೆರೆಮನೆಯ ಮುತ್ತೈದೆಯನ್ನು ಕರೆದು ಅವಳ ಕೈಯಿಂದ ಹೊಲಿಸಬೇಕು. ಹೊಟ್ಟೆ ತುಂಬದ ಕೌದಿ ಹಸಿದ ಕೌದಿ, ಹೊದ್ದವರನ್ನು ಮಲಗಗೊಡುವುದಿಲ್ಲ. ಇರುವೆ ಬರುವುದಿಲ್ಲವೇ ಎಂದು ಕೇಳಬೇಡಿ. ಬರುತ್ತದೆ, ತಿಂದು ಹೋಗುತ್ತದೆ.

ಇದೆಲ್ಲ ನಡೆಯುವುದು ಮಧ್ಯಾಹ್ನ, ಗಂಡಸರು ಕಚೇರಿಗೋ ಹೊಲಕ್ಕೋ ಹೋದ ಮೇಲೆ. ಇಷ್ಟು ವರ್ಷ ಸಂಸಾರ ಮಾಡಿದ ಕಾಕಾ ನೋಡಿದ್ದೇನು? ಬೆಳಿಗ್ಗೆ ನೆಲದ ಮೇಲೆ ಹರವಿದ್ದ ಕೌದಿ ಸಂಜೆ ಬರುವಷ್ಟರಲ್ಲಿ ಮಡಚಿ ಇಟ್ಟದ್ದು. ಅಷ್ಟೇ.

ಮತ್ತು ಅವರು ಸುತ್ತಿ ಹೊಲಿಯಲೇ ಇಲ್ಲ. ಅತ್ತೆ ಕಲಿಸಿದ್ದು ಸೂಜಿ ಹಾಯಿಸುವುದನ್ನು. ಯಾವ ದಿಕ್ಕಿಗೆ ಎಂದು ಅವರು ಕೇಳಲಿಲ್ಲ, ಇವಳು ಹೇಳಲಿಲ್ಲ. ಎಡಗಡೆಯ ಮೇಲಿನ ಮೂಲೆಯಿಂದ ಹಿಡಿದು ಬಲಗಡೆಯ ಅಂಚಿನವರೆಗೆ ಒಂದು ಸಾಲು. ಅದರ ಕೆಳಗೆ ಮತ್ತೆ ಎಡದಿಂದ ಇನ್ನೊಂದು ಸಾಲು. ತುಣುಕುಗಳನ್ನೂ ಹಾಗೆಯೇ ಇಟ್ಟಿದ್ದರು. ಮೊದಲ ಸಾಲಿನಲ್ಲಿ ಕಾಕುವಿನ ಮದುವೆಯ ಸೀರೆ, ಆಮೇಲೆ ಮಗಳ ಕುಂಚಿಗೆ, ಹೀಗೆ ಒಂದಾದ ಮೇಲೆ ಒಂದು. ಇಡುತ್ತಾ ಬಂದಂತೆ ನಡುವಿಗೆ ಚಂದ್ರಕಾಳಿ ಬಂದು ಕೂತಿತು.

ಅತ್ತೆ ನೋಡಿ ಬಂದು ನನ್ನೆದುರು ಸೆರಗು ಬಾಯಿಗೆ ಹಿಡಿದು ಹೇಳಿದಳು: “ಅಣ್ಣಾರು ಕೌದಿ ಹೊಲಿಯಾಕತ್ತಿಲ್ಲವಾ, ಅರ್ಜಿ ಬರಿಯಾಕತ್ತಾರ.”

“ಹೇಳಬಾರದೇನ್ರಿ ಅತ್ತೀ?”

“ಊರಿಗೊಂದು ದಾರಿ ಆದ್ರ ಅವರಿಗೊಂದು ದಾರಿ. ಹೊಲೀಲಿ ಬಿಡು. ಹೊಟ್ಟಿ ಮುಚ್ಚೂ ಮುಂದ ನನ್ನ ಕರದ ಕರೀತಾರ. ಆವಾಗ ಹೇಳೂಣು.”

ಕರೆದಾರು ಎಂದು ಅವಳು ಕಾದಳು. ಒಗೆದ ಇಳಕಲ್ ಸೀರೆ ತೆಗೆದಿಟ್ಟುಕೊಂಡು ಕಾದಳು. ಕಾಕಾ ಕೆಳಗಿನ ಬಲಮೂಲೆಗೆ ಬಂದರು, ಕಾಗದದ ಕೊನೆಗೆ ಸಹಿ ಹಾಕಿದಂತೆ ಅಲ್ಲೊಂದು ಗಂಟು ಹಾಕಿದರು, ಮಡಚಿ ಇಟ್ಟರು. ಗೋಡೆಯ ಮೇಲಿಂದ ಮಡಚಿದ ಕೌದಿ ಕಂಡಾಗ ಅತ್ತೆಗೆ ಸಿಟ್ಟು ಬಂತೆಂದರೆ ಬಂತು. ಬೇರೆ ಯಾರನ್ನೋ ಕರೆದು ಹೊಟ್ಟೆ ಮುಚ್ಚಿಸಿದ್ದಾರೆ, ತನ್ನನ್ನು ಕರೆಯಲಿಲ್ಲ ಎಂದುಕೊಂಡಳು. “ಸೂಜಿ ಹಿಡಿಯಾಕ ಕಲಿಸಿದಾಕಿ ನಾನು” ಎಂದಳು ನನಗೆ. ಕೇಳಿಬಿಡಿ ಎಂದರೆ, “ಕರಸಿಕೊಳ್ಳೂದು ಬಾಯಿಬಿಟ್ಟ ಕೇಳೂದಲ್ಲ” ಎಂದಳು. ಮದುವೆ ಮುಗಿಯುವ ತನಕ ಕಾಕಾರಿಗೆ ಹೇಳುವುದನ್ನೆಲ್ಲ ನನ್ನ ಮೂಲಕವೇ ಹೇಳಿಸಿದಳು. ಆ ಕೌದಿಯನ್ನು ಬಿಚ್ಚಿ ನೋಡಲಿಲ್ಲ. ಕಾಕಾ, ಪಾಪ, ಅಕ್ಕಾರಿಗೆ ಗಂಟಲು ನೋವಿರಬೇಕು ಎಂದುಕೊಂಡಿದ್ದರಂತೆ.

ಕೌದಿ ತಿಕೋಟಾಕ್ಕೆ ಹೋಯಿತು. ಶ್ರಾವಣ ಬಂತು, ಪಂಚಮಿಗೆ ಮಗಳು ತವರಿಗೆ ಬಂದಳು. ಗಾಡಿಯಿಂದ ಇಳಿಯುವಾಗ ಅವಳ ಕಂಕುಳಲ್ಲಿ ಅದೇ ಕೌದಿ ಇತ್ತು. ಓಣಿಯ ಬೇವಿನ ಗಿಡಕ್ಕೆ ಜೋಕಾಲಿ ಕಟ್ಟಿದ್ದರು. ಅವಳು ಆ ಕಡೆ ಹಣಿಕಿ ಸಹ ನೋಡಲಿಲ್ಲ.

ಅತ್ತೆ ಶೇಂಗಾ ಉಂಡಿ ಕಟ್ಟುತ್ತಿದ್ದಳು, ನಾನು ಪಕ್ಕದಲ್ಲಿದ್ದೆ. ಕಾಕಾ ಗೋಡೆಯ ಹತ್ತಿರ ಬಂದು ನಿಂತರು. ಕೌದಿಯನ್ನು ಹೆಗಲ ಮೇಲೆ ಹಾಕಿಕೊಂಡಿದ್ದರು.

“ಅಕ್ಕಾರ, ಕೌದಿಗಿ ಹೊಟ್ಟಿ ಅಂದ್ರೇನ್ರಿ?”

ಅತ್ತೆ ಕೈಯಲ್ಲಿದ್ದ ಉಂಡಿಯನ್ನು ತಾಟಿನಲ್ಲಿ ಇಟ್ಟಳು. “ಮುಚ್ಚಾಕ ಯಾರನ್ನ ಕರದಿದ್ರಿ?”

“ಏನ ಮುಚ್ಚಾಕ್ರಿ?”

ಅತ್ತೆಯ ಮುಖದಿಂದ ಅಷ್ಟು ದಿನದ ಸಿಟ್ಟು ಜಾರಿ ಹೋದದ್ದನ್ನು ನಾನು ಕಣ್ಣಾರೆ ಕಂಡೆ. ಆ ಜಾಗಕ್ಕೆ ಬಂದದ್ದು ಗಾಬರಿ. ಮೊದಲ ದಿನದಿಂದ ಕೊನೆಯವರೆಗೆ ಎಲ್ಲವನ್ನೂ ಹೇಳಿದಳು.

ತಿಕೋಟಾದಲ್ಲಿ ನಡೆದದ್ದನ್ನು ಮಗಳು ಹೇಳಿದಳು. ಬೀಗತಿ ಕೌದಿ ಬಿಚ್ಚಿ ಹರವಿ, ನಡುವೆ ಕೈಯಾಡಿಸಿ ಹುಡುಕಿದರು. ಮನೆಯ ಹೆಂಗಸರೆಲ್ಲ ಸೇರಿ ಹುಡುಕಿದರು. ಹೊಟ್ಟೆ ಸಿಗಲಿಲ್ಲ. ತಾಯಿ ಇಲ್ಲದ ಮನೆಯಿಂದ ಬಂದವಳು ಎಂದು ಒಬ್ಬರು ಅಂದರು. ಬೀಗತಿ ಕೆಟ್ಟ ಹೆಂಗಸಲ್ಲ, ಆದರೆ ಹೆದರಿದ್ದರು. ಮದುಮಗಳು ಹೊಟ್ಟೆಯಿಲ್ಲದ ಕೌದಿ ಹೊದ್ದರೆ ಮನೆಯಲ್ಲಿ ತೊಟ್ಟಿಲು ತೂಗುವುದಿಲ್ಲ. ಹೊಟ್ಟೆ ಮಾಡಿಸಿಕೊಂಡೇ ಬಾ, ಇಲ್ಲದಿದ್ದರೆ ಅದನ್ನು ತರಬೇಡ ಎಂದು ಕಳಿಸಿದ್ದರು. ಪಂಚಮಿಯ ಮರುದಿನ ಮೈದುನ ಕರೆಯಲು ಬರುವವನಿದ್ದ.

“ನಡುವ ಕತ್ತರಿಸಿ ಹೊಟ್ಟಿ ತಗದ್ರಾತ್ರಿ,” ಎಂದಳು ಅತ್ತೆ. “ಆದ್ರ ಇವತ್ತ ಹೊತ್ತ ಮುಳಗೇತಿ, ನಾಳಿ ಪಂಚಮಿ. ಕತ್ತರಿ ಹಿಡಿಯಾಂಗಿಲ್ಲ. ನಾಡದ ಮುಂಜಾನೆ ಮಾಡೂಣು.”

ಕಾಕಾ ಕೌದಿಯ ನಡುವಿನ ಆ ಕರಿಯ ತುಣುಕಿನ ಮೇಲೆ ಕೈಯಿಟ್ಟು ನಿಂತರು. ಅದು ಚಂದ್ರಕಾಳಿ. ಕಾಕು ಅದನ್ನು ಉಟ್ಟಿದ್ದನ್ನು ನಾನು ಒಂದು ಸಲ ನೋಡಿದ್ದೆ. ಅವರು ಎಷ್ಟು ಸಂಕ್ರಾಂತಿ ನೋಡಿದ್ದರೋ.

“ನಾ ಹೊಡದ ಹಾಕಿದಾಂವ ಅಲ್ರಿ ಅಕ್ಕಾರ,” ಎಂದರು. ಕೇಳಿಸಿತೋ ಇಲ್ಲವೋ ಎನ್ನುವಷ್ಟು ಸಣ್ಣ ದನಿ.

ಪಂಚಮಿಯ ಮರುದಿನ ಬೆಳಿಗ್ಗೆ ಅತ್ತೆ ಇಳಕಲ್ ಸೀರೆ ಉಟ್ಟು, ನನ್ನನ್ನೂ ಕರೆದುಕೊಂಡು, ಗೋಡೆ ಬಿಟ್ಟು ಬಾಗಿಲಿನಿಂದಲೇ ಹೋದಳು. ಪಡಸಾಲೆಯಲ್ಲಿ ಕೌದಿ ಹರವಿತ್ತು. ಕಾಕಾ ಅದರ ಪಕ್ಕದಲ್ಲಿ ಕತ್ತರಿ ಹಿಡಿದು ಕೂತಿದ್ದರು. ಕತ್ತರಿ ಗಾಳಿಯಲ್ಲೇ ಇತ್ತು. ಟಾಕು ನಿಲ್ಲುವುದನ್ನು ನೋಡಿದ್ದೆ, ಸೂಜಿ ನಿಲ್ಲುವುದನ್ನು ನೋಡಿದ್ದೆ. ಇದು ಅವಕ್ಕಿಂತ ಬಹಳ ಹೊತ್ತು. ನನಗೆ ನೋಡಲಾಗಲಿಲ್ಲ.

ಮಗಳು ಒಳಗಿನಿಂದ ಬಂದು ತಂದೆಯ ಎದುರು ಕೂತಳು. “ಬಿಡಪ್ಪಾ. ಅವ್ವನ ಸೀರಿ ಹರೀಬ್ಯಾಡ. ಕೌದಿ ಇಲ್ಲೇ ಇರಲಿ. ನಾ ಹಂಗ ಹೋಗ್ತೇನಿ.”

ಕಾಕಾ ತಲೆ ಎತ್ತಿ ಅವಳನ್ನು ನೋಡಿದರು. “ಪೆಟ್ಟಿಗ್ಯಾಗ ಇಡಾಕ ಹೊಲದಿಲ್ಲವಾ ಇದನ್ನ,” ಎಂದವರೇ ಕತ್ತರಿ ಇಳಿಸಿದರು.

ಕತ್ತರಿಸಿದ ಚಂದ್ರಕಾಳಿಯ ಚೂರನ್ನು ಕೈಯಲ್ಲಿ ಹಿಡಿದುಕೊಂಡು, ಇದನ್ನೇನು ಮಾಡಲಿ ಎನ್ನುವಂತೆ ಅತ್ತೆಯ ಕಡೆ ನೋಡಿದರು. ಅದೂ ಹೊಟ್ಟೆಯೊಳಗೇ ಹೋಗಲಿ ಎಂದಳು ಅತ್ತೆ. ಮನೆಯಲ್ಲಿ ಹೋಳಿಗೆ ಇರಲಿಲ್ಲ, ಪಂಚಮಿಯ ಉಂಡಿ ಇತ್ತು. ಒಂದು ಚಿವುಟು ಉಂಡಿ, ನಾಲ್ಕು ಕಾಳು ಜೋಳ, ಕರಿಯ ಚೂರಿನ ಮೇಲೆ ಇಟ್ಟಳು. ಈಗ ಅದರ ಮೇಲೆ ಮುಚ್ಚಲು ತುಣುಕು ಬೇಕು. ಪೆಟ್ಟಿಗೆ ಖಾಲಿ. ಅತ್ತೆ ಕೌದಿಯನ್ನು ಈ ಮೂಲೆಯಿಂದ ಆ ಮೂಲೆಗೆ ನೋಡಿದಳು.

“ಅಣ್ಣಾರ, ಎಲ್ಲಾ ಅಕೀದು, ಹುಡುಗೀದು. ಇದರಾಗ ನಿಮ್ಮದೇನೈತಿ?”

ಇದಕ್ಕೆ ಮಾತ್ರ ಕಾಕಾ ಒಂದು ಕ್ಷಣವೂ ನಿಲ್ಲಲಿಲ್ಲ. ಗೂಟದ ಮೇಲಿದ್ದ ರುಮಾಲು ತೆಗೆದುಕೊಂಡು ಅದರ ಸೆರಗನ್ನು ಕತ್ತರಿಸಿ ಕೊಟ್ಟರು. ಕಂಟ್ರೋಲಿನ ಕಾಲದಲ್ಲಿ ಅವರಿಗಿದ್ದದ್ದು ಅದೊಂದೇ ರುಮಾಲು.

ಅತ್ತೆ ಅದನ್ನು ಮಡಚಿ ಮುಚ್ಚಿ ನಾಲ್ಕು ಹೊಲಿಗೆ ಹಾಕಿದಳು. ಆಮೇಲೆ ಏನು ಅನ್ನಿಸಿತೋ, ಸೂಜಿಯನ್ನು ಅವರ ಕಡೆ ಚಾಚಿದಳು. “ಉಳದದ್ದು ನೀವ ಹಾಕ್ರಿ. ಶಾಸ್ತ್ರ ಆಗೇದ.”

ನೆಟ್ಟಗಿನ ಸಾಲು ಬಿಟ್ಟು ಬೇರೇನೂ ಬಾರದ ಆ ಕೈ ಮೊದಲ ಸಲ ಸುತ್ತು ಹೋಯಿತು. ಹೋದದ್ದು ಹೋಯಿತು, ಸೊಟ್ಟಗೆ ಹೋಯಿತು. ಒಂದು ಕಡೆ ಉಬ್ಬಿ, ಇನ್ನೊಂದು ಕಡೆ ತಗ್ಗಿ, ಹದ ತಪ್ಪಿದ ರೊಟ್ಟಿಯ ಹಾಗೆ ಆಯಿತು. ಸಾಲಲಿಲ್ಲವೆಂದು ಅದರ ಮೇಲೆಯೇ ಇನ್ನೊಂದು ಸುತ್ತು, ಮತ್ತೊಂದು ಸುತ್ತು ಹಾಕಿದರು. ಅತ್ತೆ ಅಂದು ನುಂಗಿದ್ದ ನಗೆಯನ್ನು ಇಂದು ಬಡ್ಡಿ ಸಮೇತ ನಕ್ಕಳು. ಮಗಳು ನಕ್ಕಳು. ಕಾಕಾರೂ ನಕ್ಕರು, ಆದರೆ ಕಣ್ಣು ಒರೆಸಿಕೊಳ್ಳಲು ರುಮಾಲು ಹುಡುಕಿದರು. ನಾನು ಆ ಹೊತ್ತಿಗೆ ಅಳುತ್ತಿದ್ದೆ; ನನಗೆ ಅದರಲ್ಲಿ ನಾಚಿಕೆಯಿಲ್ಲ.

ಅವತ್ತು ಮೈದುನನ ಗಾಡಿಯಲ್ಲಿ ಅತ್ತೆಯೂ ಹತ್ತಿಕೊಂಡು ತಿಕೋಟಾಕ್ಕೆ ಹೋದಳು. ಕೌದಿ ಹೊಲಿಯಲು ಕಲಿಸಿದ್ದು ತಾನು, ಹೊಟ್ಟೆ ಬಿಟ್ಟುಹೋದದ್ದು ತನ್ನಿಂದಲ್ಲ ಎಂದು ಬೀಗತಿಗೆ ಖುದ್ದಾಗಿ ತಿಳಿಸುವುದಿತ್ತು. ತಿರುಗಿ ಬಂದು ನಮಗೆ ಅಭಿನಯ ಮಾಡಿ ತೋರಿಸಿದಳು. ಬೀಗತಿ ಕೌದಿ ಹರವಿದರಂತೆ. ಒಂದರ ಕೆಳಗೊಂದು ನೆಟ್ಟಗಿನ ಸಾಲುಗಳು, ನಡುವೆ ಆ ಸೊಟ್ಟ ಸುತ್ತು. ಸೊಂಟದ ಮೇಲೆ ಕೈಯಿಟ್ಟು ನೋಡಿ, “ಎರಿಹೊಲದ ನಡುವ ಬಾಂವಿ ತಗದಾರಲ್ಲವಾ ಬೀಗರು” ಎಂದರಂತೆ. ಆಮೇಲೆ ಕೌದಿ ಮಡಚಿ ಸೊಸೆಯ ಕೈಗೆ ಕೊಟ್ಟು, “ಹೊಚಗೋ ನಮ್ಮವ್ವಾ” ಎಂದರಂತೆ.

ಕಚೇರಿಯಲ್ಲಿ ಸಾಹೇಬರು ರುಮಾಲು ಯಾಕೆ ಸಣ್ಣದಾಗಿದೆ ಎಂದು ಕೇಳಿದರಂತೆ. “ತಲಿ ದೊಡ್ಡದಾತ್ರಿ ಅಂದೆ” ಎಂದರು ಕಾಕಾ ನಮ್ಮ ಮುಂದೆ. ನಾನು ಕೇಳಿದ ಮಟ್ಟಿಗೆ, ಅವರಾಗಿಯೇ ಹೇಳಿದ ತಮಾಷೆ ಅದೊಂದೇ.

ತೊಟ್ಟಿಲು ತೂಗಿತು. ಒಂದಾದ ಮೇಲೊಂದು ಮೊಮ್ಮಕ್ಕಳಾದರು. ಪ್ರತಿ ಕೂಸಿಗೂ ಕಾಕಾ ಒಂದು ಸಣ್ಣ ಕೌದಿ ಹೊಲಿದರು. ಸಾಲು ನೆಟ್ಟಗೇ; ಆ ಸ್ವಭಾವವನ್ನು ಯಾರು ತಿದ್ದಬೇಕು? ಆದರೆ ನಡುವೆ ಅಂಗೈಯಗಲ ಜಾಗ ಮೊದಲೇ ಗುರುತು ಮಾಡಿ ಬಿಟ್ಟಿರುತ್ತಿದ್ದರು. ಸಾಲು ಆ ಗುರುತಿಗೆ ಬಂದು ನಿಂತು, ದಾಟಿ, ಆಚೆ ಕಡೆಯಿಂದ ಮುಂದುವರಿಯುತ್ತಿತ್ತು. ಮತ್ತು ಎಂದೂ ದನಿ ಎತ್ತರಿಸದ ಮನುಷ್ಯ ಹೊಲಿಗೆ ಮುಗಿದ ದಿನ ಹಿತ್ತಿಲಿಗೆ ಬಂದು ಇಡೀ ಓಣಿಗೆ ಕೇಳುವಂತೆ ಕೂಗುತ್ತಿದ್ದರು: “ಅಕ್ಕಾರ, ಹೊಟ್ಟಿ ಮುಚ್ಚಾಕ ಬರ್ರಿ.” ಅತ್ತೆ ಕೇಳಿಸಿದರೂ ಎರಡನೆಯ ಸಲ ಕೂಗಿಸಿಕೊಂಡೇ ಏಳುತ್ತಿದ್ದಳು.

ಅತ್ತೆ ಮೊದಲು ಹೋದಳು. ಕೆಲವು ವರ್ಷಗಳ ನಂತರ ಕಾಕಾ ಹೋದರು. ಅತ್ತೆ ಹೋದ ಮೇಲೆ ಅವರು ಕೌದಿ ಹೊಲಿಯಲಿಲ್ಲ.

ಹೋದ ತಿಂಗಳು ತಿಕೋಟಾದಿಂದ ಕರೆ ಬಂತು ಎಂದೆನಲ್ಲ. ಆ ಮಗಳ ಮೊಮ್ಮಗಳಿಗೆ ಈಗ ಮದುವೆ. ಹಳೆಯ ಕೌದಿ ಸವೆದರೆ ಎಸೆಯುವುದಿಲ್ಲ. ಹೊಸದರ ಒಳಪದರಕ್ಕೆ ಹಾಕಿ ಮೇಲೆ ಹೊಸ ತುಣುಕು ಹೊಲಿಯುತ್ತಾರೆ. ಅವಳೂ ಹಾಗೆಯೇ ಮಾಡಿದ್ದಳು. ನಾನು ಹೋಗುವಷ್ಟರಲ್ಲಿ ಸುತ್ತೆಲ್ಲ ಹೊಲಿದು ಮುಗಿದು, ನಡುವೆ ಹೊಟ್ಟೆ ಮಾತ್ರ ಉಳಿದಿತ್ತು. ಆ ಅಂಗೈಯಗಲದಲ್ಲಿ ಒಳಗಿನ ಹಳೆಯ ಕೌದಿ ಕಾಣುತ್ತಿತ್ತು. ನೆಟ್ಟಗಿನ ಸಾಲಿನ ದಾರಗಳೆಲ್ಲ ಬಿಚ್ಚಿ ಹೋಗಿದ್ದವು. ರುಮಾಲಿನ ತುಣುಕು, ಅದರ ಸುತ್ತ ಆ ಸೊಟ್ಟ ಹೊಲಿಗೆ, ಎರಡೂ ಹಾಗೆಯೇ ಇದ್ದವು.

“ನಿಮ್ಮ ಮನ್ಯಾಗ ಮುತ್ತೈದೇರು ಇಷ್ಟ ಮಂದಿ ಅದಾರ, ನನ್ನನ್ಯಾಕ ಇಷ್ಟು ದೂರಿಂದ ಕರಸಿದಿ?” ಎಂದೆ.

“ನಿಮ್ಮತ್ತೀನ ಮದಲ ಸಲ ಕರೀಲಿಲ್ಲ ಅಂತ ಅಪ್ಪ ಕಡೀತನಕಾ ಮರಗ್ಯಾನ ವೈನಿ,” ಎಂದಳು. “ಈ ಕೌದೀದು ಹೊಟ್ಟಿ ಮುಚ್ಚೂ ಮುಂದ ಆ ಮನಿಯವರನ್ನ ಮದಲ ಕರೀಬೇಕು ಅಂತ ಹೇಳಿ ಹೋಗ್ಯಾನ.”

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಅತ್ತೆಗೆ ಸಿಗಬೇಕಾಗಿದ್ದ ಕರೆ ನನಗೆ ಬಂದಿತ್ತು. ಕಾಕಾರ ಮಗಳು ಹೋಳಿಗೆ ಚಿವುಟಿ ಇಟ್ಟಳು, ಜೋಳ ಇಟ್ಟಳು, ಮೇಲೊಂದು ಹೊಸ ಖಣದ ತುಣುಕು ಮುಚ್ಚಿದಳು. ನಾನು ಸೂಜಿ ಹಾಕಿದೆ. ಒಳಗೆ ಹೋಗಲಿಲ್ಲ. ಒತ್ತಿದೆ, ಸೂಜಿ ಬಾಗಿತು.

“ಇಲ್ಲಿ ಸೂಜಿ ಹೋಗವಲ್ದವಾ.”

“ಹೋಗೂದಿಲ್ರಿ ವೈನಿ,” ಎಂದು ಅವಳು ನಕ್ಕಳು. “ಅದು ಅಪ್ಪ ಹೊಡದ ಹಾಕಿದ ಜಾಗಾ.”

ಮುಂದೆ ಒತ್ತಲು ನನಗೆ ಮನಸ್ಸಾಗಲಿಲ್ಲ. ಅವರ ಸೊಟ್ಟ ಸುತ್ತು ಎಲ್ಲೆಲ್ಲಿ ಉಬ್ಬಿತ್ತೋ ಅಲ್ಲಿ ಉಬ್ಬಿ, ಎಲ್ಲಿ ತಗ್ಗಿತ್ತೋ ಅಲ್ಲಿ ತಗ್ಗಿ, ಅದರ ಹೊರಗಿನಿಂದ ಬೆರಳಿನಲ್ಲಿ ತಡವಿಕೊಳ್ಳುತ್ತಾ ನಿಧಾನವಾಗಿ ಹೊಲಿದು ಮುಚ್ಚಿದೆ.